ಕ್ಯಾನಿಗೆ ಸುರಿಯುವ ಮುನ್ನ

ಯಲ್ಲಾಪುರ ತಾಲ್ಲೂಕಿನ ಚಂದಗುಳಿ ಅಂದ್ರೆ ಎಲ್ಲರಿಗೂ ಘಂಟೆ ಗಣಪತಿ ನೆನಪಾಗ್ತಾನೆ. ನಮ್ಮಂಥವರಿಗೆ ಜೊತೆಗೆ ಕೊಟ್ಟಿಗೆಯೂ ನೆನಪಾಗುತ್ತದೆ. ಅಡಿಕೆ ದುಡ್ಡು ವರ್ಷಕ್ಕೊಮ್ಮೆ. ನಡುವಿನ ಖರ್ಚಿಗೆ ಡೇರಿಗೆ ಹಾಕಿದ ಹಾಲು.

ಡೇರಿಯಲ್ಲಿ ಫ್ಯಾಟ್, ಎಸ್‌ಎನ್‌ಎಫ್ ನೋಡಿ ದರ ಹಾಕ್ತಾರೆ. ಆದರೆ ಎರಡು ಸಂಗತಿ ಆ ಯಂತ್ರಕ್ಕೆ ಕಾಣುವುದಿಲ್ಲ: ಹಸುವಿಗೆ ಕೊಟ್ಟ ಆಂಟಿಬಯೋಟಿಕ್‌ನ ಉಳಿಕೆ ಮತ್ತು ಬೂಸ್ಟು ಹಿಡಿದ ಹಿಂಡಿಯಿಂದ ಬರುವ ಅಫ್ಲಾಟಾಕ್ಸಿನ್.

ವಾಟ್ಸಾಪ್‌ನಲ್ಲಿ ಓಡಾಡೋದು ಯೂರಿಯಾ, ಡಿಟರ್ಜೆಂಟ್ ಹಾಲಿನ ವಿಡಿಯೊಗಳೇ. ಆದರೆ 2018ರಲ್ಲಿ ಎಫ್‌ಎಸ್‌ಎಸ್‌ಎಐ ದೇಶಾದ್ಯಂತ 6,432 ಮಾದರಿ ಪರೀಕ್ಷಿಸಿದಾಗ ಅಂಥ ಕಲಬೆರಕೆ ಸಿಕ್ಕಿದ್ದು ಬರೀ 12ರಲ್ಲಿ. ಮಿತಿ ಮೀರಿದ ಅಫ್ಲಾಟಾಕ್ಸಿನ್ 368ರಲ್ಲಿ, ಆಂಟಿಬಯೋಟಿಕ್ 77ರಲ್ಲಿ ಇತ್ತು. ಇಲ್ಲಿ ಯಾರೂ ಮೋಸ ಮಾಡಬೇಕಿಲ್ಲ. ಮಳೆಗಾಲದಲ್ಲಿ ಶೇಂಗಾ ಹಿಂಡಿಯ ಚೀಲ ತೇವ ಎಳೆದುಕೊಂಡರೆ ಸಾಕು. ಹಾಲು ಕುದಿಸಿದರೂ ಆ ವಿಷ ಹೋಗುವುದಿಲ್ಲ.

ಇದನ್ನು ಸ್ಥಳದಲ್ಲೇ ಪತ್ತೆ ಮಾಡೋ ಪಟ್ಟಿಗಳಿವೆ. ನೋಡಲು ಕೋವಿಡ್ ಕಿಟ್‌ನಂತೆಯೇ; ಕೆಲವು ಹನಿ ಹಾಲು, ಕೆಲವು ನಿಮಿಷ. ಆದರೆ ಓದುವ ಕ್ರಮ ಉಲ್ಟಾ. ಸಾಮಾನ್ಯವಾಗಿ ಪರೀಕ್ಷಾ ಗೆರೆ ಚೆನ್ನಾಗಿ ಮೂಡಿದರೆ ಹಾಲು ಸರಿ, ಮಸುಕಾದರೆ ಅಥವಾ ಮೂಡದಿದ್ದರೆ ಅನುಮಾನ. ಅನುಮಾನ ಬಂದದ್ದನ್ನು ಪ್ರಯೋಗಾಲಯದಲ್ಲಿ ಖಚಿತ ಮಾಡಿಕೊಳ್ಳಬೇಕು.

ಅಮೆರಿಕದಲ್ಲಿ ಟ್ಯಾಂಕರ್ ಹಾಲನ್ನು ಸಂಸ್ಕರಿಸುವ ಮೊದಲು ಪೆನಿಸಿಲಿನ್ ಗುಂಪಿನ ಔಷಧಗಳ ಪರೀಕ್ಷೆ ಕಡ್ಡಾಯ. ಪ್ರತಿ ರೈತನ ಹಾಲಿನ ಮಾದರಿಯನ್ನೂ ತೆಗೆದಿಟ್ಟಿರುತ್ತಾರೆ. ಟ್ಯಾಂಕರ್ ಫೇಲ್ ಆದರೆ ಯಾರ ಹಾಲು ಅಂತ ಹುಡುಕಬಹುದು. ನಮ್ಮಲ್ಲಿ ಮನೆಗೆ ಎರಡು, ಐದು ಲೀಟರ್. ಪ್ರತಿ ತಂಬಿಗೆಗೂ ಪಟ್ಟಿ ಹಾಕಿದರೆ ದುಬಾರಿ. ಕ್ಯಾನಿಗೊಂದು ಪಟ್ಟಿ, ಮನೆಗೊಂದು ಪುಟ್ಟ ಬಾಟಲಿ ಸಾಕು. ಕ್ಯಾನ್ ಫೇಲ್ ಆದ ದಿನ ಮಾತ್ರ ಬಾಟಲಿ ನೋಡಿದರಾಯ್ತು. ಊರಲ್ಲೇ ಗೊತ್ತಾದರೆ ಹಸುವೂ ಸಿಗುತ್ತದೆ, ಹಿಂಡಿ ಚೀಲವೂ ಸಿಗುತ್ತದೆ.

ನಷ್ಟ ಯಾರದ್ದು ಅನ್ನೋದೇ ಕಷ್ಟದ ಪ್ರಶ್ನೆ. ಕಳೆದ ಮಳೆಗಾಲ ಅತ್ತೆಯ ಹಸುವಿಗೆ ಕೆಚ್ಚಲು ಬಾವು. ಡಾಕ್ಟರು ಹೇಳಿದಷ್ಟು ದಿನ ಅತ್ತೆ ಡೇರಿಗೆ ಹಾಲು ಹಾಕಲಿಲ್ಲ. "ಹಾಲು ಚೆಲ್ಲಕಾರೆ ಹೊಟ್ಟೆ ಉರೀತು ತಮಾ" ಅಂದಳು. ಔಷಧಕ್ಕೂ ಖರ್ಚು, ಹಾಲಿಗೂ ದುಡ್ಡಿಲ್ಲ. ಸುಮ್ಮನೆ ಕ್ಯಾನಿಗೆ ಸುರಿದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಹಾಗಾಗಿ ಪಟ್ಟಿಯ ಜೊತೆಗೆ ಇನ್ನೊಂದು ಏರ್ಪಾಡು ಬೇಕು. "ಹಸುವಿಗೆ ಇಂಜೆಕ್ಷನ್ ಆಗಿದೆ" ಅಂತ ತಾವಾಗಿಯೇ ಹೇಳಿದವರಿಗೆ ಸಂಘವೇ ಆ ದಿನಗಳ ಹಾಲಿನ ದುಡ್ಡಲ್ಲಿ ಒಂದು ಪಾಲು ಕೊಡಲಿ. ಒಂದು ಮನೆಯ ಹಾಲಿನಿಂದ ಇಡೀ ಕ್ಯಾನ್ ಚೆಲ್ಲುವುದಕ್ಕಿಂತ ಅದು ಅಗ್ಗ. ಇಲ್ಲದಿದ್ದರೆ ಪರೀಕ್ಷೆ ಅಂದಕೂಡಲೇ ಜನ ಮುಚ್ಚಿಡೋದನ್ನೇ ಕಲಿಯುತ್ತಾರೆ.

ಊರಿಗೆ ಹೋದಾಗ ಹಿಂಡಿ ಚೀಲ ನೆಲದ ಮೇಲಿದ್ದರೆ ಹಲಗೆ ಮೇಲೆ ಎತ್ತಿಡಿ. ಡೇರಿಯ ವಾರ್ಷಿಕ ಸಭೆಯಲ್ಲಿ ಈ ಪಟ್ಟಿಯ ಬಗ್ಗೆ ಕೇಳಲು ಮನೆಯವರಿಗೆ ಹೇಳಿ.