ಮುಂಗಾರು ಹಿಂಗಾರುಗಳ ನಡುವಿನ ಲಂಕೆ

ಮೊದಲ ಬಾರಿಗೆ ಸಮುದ್ರ ದಾಟಿ ಪ್ರವಾಸ ಹೊರಡುವ ಕುಟುಂಬಗಳಲ್ಲಿ ಸಾಮಾನ್ಯವಾಗಿ ರಜೆ ಮೊದಲು ಗೊತ್ತಾಗುತ್ತದೆ, ಊರು ಆಮೇಲೆ. ಮಕ್ಕಳ ಬೇಸಿಗೆ ರಜೆ, ದಸರಾ ರಜೆ, ತಪ್ಪಿದರೆ ಡಿಸೆಂಬರಿನ ಕೊನೆಯ ವಾರ. ಈ ಮೂರರಲ್ಲಿ ಒಂದನ್ನು ಹಿಡಿದು ಟಿಕೆಟ್ ತೆಗೆಸಿದರೆ ಅರ್ಧ ಕೆಲಸ ಮುಗಿಯಿತೆಂದೇ ಲೆಕ್ಕ. ಬೆಂಗಳೂರಿನಿಂದ ವಿಮಾನದಲ್ಲಿ ಸುಮಾರು ಒಂದೂವರೆ ತಾಸಿನ ದೂರದಲ್ಲಿರುವ ಶ್ರೀಲಂಕಾದ ವಿಷಯದಲ್ಲಿ ಮಾತ್ರ ಈ ಲೆಕ್ಕ ಕೈಕೊಡುವುದುಂಟು. ಕಡಲತೀರದ ಹೋಟೆಲಿನಲ್ಲಿ ಕಿಟಕಿ ಮುಚ್ಚಿಕೊಂಡು ಮಳೆ ನೋಡುತ್ತ ಕುಳಿತವರಿಗೆ, ಅದೇ ಹೊತ್ತಿನಲ್ಲಿ ದ್ವೀಪದ ಇನ್ನೊಂದು ದಂಡೆಯಲ್ಲಿ ಬಿಸಿಲು ಕಾಯುತ್ತಿದೆ ಎಂಬ ಸುದ್ದಿ ಊರಿಗೆ ಮರಳಿದ ಮೇಲೆ ತಿಳಿಯುತ್ತದೆ.

ಶ್ರೀಲಂಕಾ ದೊಡ್ಡ ದೇಶವಲ್ಲ. 65,610 ಚದರ ಕಿಲೋಮೀಟರು, ಅಂದರೆ ಕರ್ನಾಟಕದ ಮೂರನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು. ಆದರೆ ಅದರ ನಡುವೆ, ದಕ್ಷಿಣಕ್ಕೆ ಸರಿದು, ಎರಡು ಸಾವಿರ ಮೀಟರು ಮೀರಿದ ಬೆಟ್ಟಗಳಿವೆ. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಬೀಸುವ ನೈಋತ್ಯ ಮಾರುತ ತನ್ನ ಮಳೆಯನ್ನೆಲ್ಲ ಕೊಲಂಬೊ, ಗಾಲ್ ಮತ್ತು ಬೆಟ್ಟಗಳ ಪಡುವಣ ಮೈಮೇಲೆ ಸುರಿದು, ಬರಿಗೈಯಲ್ಲಿ ಮೂಡಣಕ್ಕೆ ಇಳಿಯುತ್ತದೆ. ಡಿಸೆಂಬರ್‌ನಿಂದ ಫೆಬ್ರುವರಿಯವರೆಗೆ ಈಶಾನ್ಯ ಮಾರುತದ ಸರದಿ. ಆಗ ತ್ರಿಕೋಣಮಲೆ, ಮಟ್ಟಕ್ಕಳಪ್ಪುಗಳಲ್ಲಿ ಮಳೆ, ಗಾಲ್ ತೀರದಲ್ಲಿ ಬಿಸಿಲು. ಪಶ್ಚಿಮ ಘಟ್ಟದ ಆಚೆ ಈಚೆ ಬದುಕಿದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಆಗುಂಬೆಗೂ ಚಿತ್ರದುರ್ಗಕ್ಕೂ ಇರುವ ವ್ಯತ್ಯಾಸ ಅಲ್ಲಿ ವರ್ಷಕ್ಕೊಮ್ಮೆ ದಿಕ್ಕು ಬದಲಿಸುತ್ತದೆ, ಅಷ್ಟೆ. ಸಿಂಹಳದ ರೈತ ಈ ಎರಡು ಹಂಗಾಮುಗಳನ್ನು ‘ಯಲ’ ಮತ್ತು ‘ಮಹ’ ಎಂದು ಕರೆಯುತ್ತಾನೆ. ಮುಂಗಾರು, ಹಿಂಗಾರು ಎಂದು ಅರ್ಥ ಮಾಡಿಕೊಂಡರೆ ತಪ್ಪಾಗದು.

ಪಡುವಣ ತೀರದ ಮೀನುಗಾರರು ತಮ್ಮ ಕಡಲು ಕೆರಳಿದಾಗ ಬಲೆ, ಸಾಮಾನು ಕಟ್ಟಿಕೊಂಡು ಮೂಡಣ ತೀರಕ್ಕೆ ವಲಸೆ ಹೋಗಿ, ಗಾಳಿ ತಿರುಗಿದ ಮೇಲೆ ಮರಳುವುದು ಬಹುಕಾಲದ ಪದ್ಧತಿ. ಪ್ರವಾಸಿಯೂ ಅವರ ದಾರಿಯನ್ನೇ ಹಿಡಿಯಬೇಕು. ಡಿಸೆಂಬರ್ ರಜೆಯವರಿಗೆ ದಕ್ಷಿಣ ಮತ್ತು ಪಡುವಣ ತೀರ. ಬೇಸಿಗೆ ರಜೆಯವರಿಗೆ, ಅದರಲ್ಲೂ ಏಪ್ರಿಲ್ ಕೊನೆಗೆ ಹೊರಡುವವರಿಗೆ, ತ್ರಿಕೋಣಮಲೆಯ ಕಡೆ. ಏಪ್ರಿಲ್ ನಡುವೆ ಸಿಂಹಳ ಮತ್ತು ತಮಿಳು ಹೊಸವರ್ಷ ಒಟ್ಟಿಗೆ ಬರುವುದರಿಂದ ಅಂಗಡಿಗಳು ಮುಚ್ಚಿರುತ್ತವೆ, ಬಸ್ಸುಗಳು ಕಿಕ್ಕಿರಿದಿರುತ್ತವೆ, ನುವರ ಎಲಿಯದಲ್ಲಿ ಕೋಣೆ ಸಿಗುವುದು ಕಷ್ಟ. ದಸರಾ ರಜೆಯವರ ಪಾಡು ಸ್ವಲ್ಪ ಇಕ್ಕಟ್ಟಿನದು. ಅಕ್ಟೋಬರ್, ನವೆಂಬರ್ ಎರಡೂ ಮಾರುತಗಳ ನಡುವಿನ ಕಾಲ. ಮಧ್ಯಾಹ್ನದ ಮೇಲೆ ಗುಡುಗು ಮಳೆ ದ್ವೀಪದ ಯಾವ ಮೂಲೆಯಲ್ಲಾದರೂ ಬರಬಹುದು, ಬಂಗಾಳ ಕೊಲ್ಲಿಯ ಚಂಡಮಾರುತಗಳ ಭಯವೂ ಆಗಲೇ. ಶ್ರೀಪಾದ ಬೆಟ್ಟ ಏರುವುದಕ್ಕೂ ಗಾಳಿಯ ಅಪ್ಪಣೆ ಬೇಕು. ಬೌದ್ಧರು ಬುದ್ಧನ ಹೆಜ್ಜೆಯೆಂದೂ, ಹಿಂದೂಗಳು ಶಿವನ ಪಾದವೆಂದೂ, ಮುಸ್ಲಿಮರು ಆದಮನ ಹೆಜ್ಜೆಯೆಂದೂ ನಂಬುವ ಆ 2,243 ಮೀಟರಿನ ಶಿಖರದ ಯಾತ್ರೆ ಡಿಸೆಂಬರಿನ ಹುಣ್ಣಿಮೆಯಿಂದ ಮೇ ತಿಂಗಳ ವೈಶಾಖ ಹುಣ್ಣಿಮೆಯವರೆಗೆ ಮಾತ್ರ.

ಹವೆಯ ಈ ಗಣಿತ ರಜೆಯ ಅನುಕೂಲಕ್ಕಷ್ಟೇ ಸೀಮಿತವಾಗಿದ್ದರೆ ಇಷ್ಟು ವಿಸ್ತರಿಸುವ ಅಗತ್ಯವಿರಲಿಲ್ಲ. ಆ ದೇಶದ ಇತಿಹಾಸವನ್ನೂ ಅದೇ ಬರೆದಿದೆ. ವರ್ಷದ ಬಹುಭಾಗ ಮಳೆ ಕಾಣುವ ನೈಋತ್ಯ ಭಾಗವನ್ನು ಬಿಟ್ಟು, ವರ್ಷಕ್ಕೊಂದೇ ಮಳೆಗಾಲವನ್ನು ನೆಚ್ಚಿಕೊಂಡ ಉತ್ತರದ ಒಣನಾಡಿನಲ್ಲಿ ಪ್ರಾಚೀನ ಸಿಂಹಳರು ರಾಜಧಾನಿ ಕಟ್ಟಿದರು. ಕ್ರಿಸ್ತಪೂರ್ವ 4ನೆಯ ಶತಮಾನದಿಂದ ಕ್ರಿಸ್ತಶಕ 11ನೆಯ ಶತಮಾನದ ಆರಂಭದವರೆಗೆ ಅನುರಾಧಪುರ ಅವರ ಮುಖ್ಯ ನಗರವಾಗಿ ಉಳಿಯಿತು. ಅದನ್ನು ಉಳಿಸಿದ್ದು ಕೆರೆ. ಕೆರೆಗೆ ಸಿಂಹಳ ಭಾಷೆಯಲ್ಲಿ ‘ವೆವ’ ಎನ್ನುತ್ತಾರೆ. ಕನ್ನಡದ ‘ಬಾವಿ’ಯೂ ಆ ‘ವೆವ’ವೂ ‘ವಾಪಿ’ ಎಂಬ ಒಂದೇ ಮೂಲದಿಂದ ಬಂದ ಮಾತುಗಳು.

ಕೆರೆ, ಕೋಡಿ, ತೂಬು ಎಂಬ ಪದಗಳೊಂದಿಗೆ ಬೆಳೆದ ಬಯಲುಸೀಮೆಯ ಓದುಗರಿಗೆ ಅನುರಾಧಪುರದ ಸ್ತೂಪಗಳಿಗಿಂತ ಅದರ ನೀರಿನ ವ್ಯವಸ್ಥೆಯೇ ಹೆಚ್ಚು ಆಪ್ತವಾದೀತು. 5ನೆಯ ಶತಮಾನದ ದೊರೆ ಧಾತುಸೇನ ಕಟ್ಟಿಸಿದ ಕಾಲ ವೆವದಿಂದ ನಗರದ ತಿಸ್ಸ ವೆವಕ್ಕೆ ನೀರು ತರುವ ಕಾಲುವೆ ಸುಮಾರು 87 ಕಿಲೋಮೀಟರು ಉದ್ದವಿದೆ. ಅದರ ಮೊದಲ ಭಾಗದಲ್ಲಿ ಇಳಿಜಾರು ಮೈಲಿಗೆ ಕೇವಲ ಆರು ಅಂಗುಲದಷ್ಟು. ದುರ್ಬೀನು, ಮಟ್ಟದ ಯಂತ್ರ ಯಾವುದೂ ಇಲ್ಲದ ಕಾಲದಲ್ಲಿ ಆ ಮಟ್ಟವನ್ನು ಹಿಡಿದದ್ದು ಹೇಗೆಂದು ಎಂಜಿನಿಯರುಗಳು ಇಂದಿಗೂ ಬೆರಗಾಗುತ್ತಾರೆ. ದೊಡ್ಡ ಕೆರೆಯ ತೂಬನ್ನು ತೆರೆದಾಗ ನೀರಿನ ಒತ್ತಡಕ್ಕೆ ಏರಿಯೇ ಕಿತ್ತುಹೋಗುವ ಅಪಾಯವಿರುತ್ತದೆ. ಇದನ್ನು ತಪ್ಪಿಸಲು ಅವರು ಏರಿಯೊಳಗೆ ಕಲ್ಲು ಕಟ್ಟಿದ ಚೌಕಾಕಾರದ ಗುಂಡಿಯೊಂದನ್ನು ನಿರ್ಮಿಸಿ, ನೀರು ಅಲ್ಲಿ ತನ್ನ ರಭಸ ಕಳೆದುಕೊಂಡು ಹೊರಹೋಗುವಂತೆ ಮಾಡಿದರು. ‘ಬಿಸೊಕೊಟುವ’ ಎಂಬ ಈ ರಚನೆಯನ್ನು ಅಭ್ಯಸಿಸಿದ ಬ್ರಿಟಿಷ್ ನೀರಾವರಿ ಎಂಜಿನಿಯರ್ ಹೆನ್ರಿ ಪಾರ್ಕರ್, ಕವಾಟದ ಗುಂಡಿಯನ್ನು ಮೊದಲು ಕಂಡುಹಿಡಿದ ಕೀರ್ತಿಯನ್ನು ಸಿಂಹಳದ ಕೆರೆ ಕಟ್ಟುವವರಿಗೇ ಕೊಟ್ಟ.

ಆ ಧಾತುಸೇನನ ಕಥೆ ದಾರುಣವಾದದ್ದು. ಮಗ ಕಾಶ್ಯಪ ರಾಜ್ಯ ಕಸಿದುಕೊಂಡು, ಬಚ್ಚಿಟ್ಟ ಐಶ್ವರ್ಯವೆಲ್ಲಿ ಎಂದು ತಂದೆಯನ್ನು ಪೀಡಿಸಿದ. ತಂದೆ ಕಾಲ ವೆವಕ್ಕೆ ಹೋಗಿ ನೀರಿಗಿಳಿದು, ತನಗಿರುವ ಸಂಪತ್ತು ಇದೊಂದೇ ಎಂದು ಬೊಗಸೆಯ ನೀರನ್ನು ತೋರಿಸಿದನಂತೆ. ಸಿಟ್ಟಿಗೆದ್ದ ಮಗ ಅವನನ್ನು ಕೊಲ್ಲಿಸಿದ ಎಂದು ಪಾಲಿ ಭಾಷೆಯ ರಾಜವಂಶಚರಿತೆ ಹೇಳುತ್ತದೆ. ಭಾರತಕ್ಕೆ ಓಡಿಹೋದ ಸೋದರ ಮೊಗ್ಗಲ್ಲಾನನ ಭಯದಿಂದ ಕಾಶ್ಯಪ ಅನುರಾಧಪುರವನ್ನು ತೊರೆದು ಸಿಗಿರಿಯದ ಬಂಡೆಯ ನೆತ್ತಿಗೆ ಏರಿದ. ಕ್ರಿ.ಶ. 477ರಿಂದ 495ರವರೆಗಿನ ಅವನ ಆಳ್ವಿಕೆಯ ಗುರುತಾಗಿ ಸುಮಾರು ಇನ್ನೂರು ಮೀಟರಿನ ಆ ಬಂಡೆ, ಅದರ ಮೈಯಲ್ಲಿನ ಸ್ತ್ರೀಚಿತ್ರಗಳು, ಕೆಳಗಿನ ಉದ್ಯಾನ ಉಳಿದಿವೆ. ಕೆರೆಯೇ ತನ್ನ ಸಂಪತ್ತೆಂದ ತಂದೆಯನ್ನು ಕೊಂದವನ ಉದ್ಯಾನದಲ್ಲಿ, ಒಳ್ಳೆಯ ಮಳೆಯಾದಾಗ ಕಾರಂಜಿಗಳು ಇಂದಿಗೂ ಚಿಮ್ಮುತ್ತವೆ ಎಂಬುದು ಇತಿಹಾಸದ ವಿಚಿತ್ರ.

ಸಿಗಿರಿಯಕ್ಕೆ ಪ್ರವಾಸಿಗಳು ಬರುತ್ತಿರುವುದು ಇಂದು ನಿನ್ನೆಯಿಂದಲ್ಲ. ಕೋಟೆ ಪಾಳುಬಿದ್ದ ಮೇಲೆ ನೋಡಲು ಬಂದವರು ಅಲ್ಲಿನ ಕನ್ನಡಿಯಂಥ ಗೋಡೆಯ ಮೇಲೆ ಪದ್ಯಗಳನ್ನು ಗೀಚಿ ಹೋಗಿದ್ದಾರೆ. ಪುರಾತತ್ವಜ್ಞ ಸೆನರತ್ ಪರಣವಿತಾನ ಅಂಥ 685 ಪದ್ಯಗಳನ್ನು ಓದಿ 1956ರಲ್ಲಿ ಪ್ರಕಟಿಸಿದರು. ಸ್ಮಾರಕಗಳ ಮೇಲೆ ಹೆಸರು ಕೆತ್ತುವ ಚಟ ಎಲ್ಲೆಡೆ ನಿಂದ್ಯ. ಇಲ್ಲಿ ಮಾತ್ರ ಅದು ಪ್ರಾಚೀನ ಸಿಂಹಳ ಕಾವ್ಯದ ಅಮೂಲ್ಯ ಆಕರವಾಗಿದೆ. ಹಾಗೆಂದು ಇಂದು ಯಾರಾದರೂ ಗೀಚಲು ಹೋದರೆ ಪೊಲೀಸರು ಕವಿಯೆಂದು ಬಿಡುವುದಿಲ್ಲ. ಬಂಡೆ ಏರುವವರು ಬೆಳಗಿನ ತಂಪಿನಲ್ಲೇ ಏರಬೇಕು, ಹತ್ತು ಗಂಟೆಯ ಮೇಲೆ ಕಬ್ಬಿಣದ ಮೆಟ್ಟಿಲುಗಳು ಕಾದ ಹೆಂಚಾಗುತ್ತವೆ.

ಕ್ರಿ.ಶ. 993ರ ಹೊತ್ತಿಗೆ ದ್ವೀಪಕ್ಕೆ ಇಳಿದ ಚೋಳರು ಅನುರಾಧಪುರವನ್ನು ಕೆಡವಿ ಪೊಲೊನ್ನರುವದಿಂದ ಆಳಿದರು. 1070ರಲ್ಲಿ ಅವರನ್ನು ಹೊರದೂಡಿದ ಒಂದನೆಯ ವಿಜಯಬಾಹುವಿನ ಕಾಲದ ಪ್ರಸಂಗವೊಂದು ಕನ್ನಡಿಗರಿಗೆ ಕುತೂಹಲದ್ದು. ಕರ್ಣಾಟದ ದೊರೆ ಅವನಿಗೆ ಕಾಣಿಕೆಯೊಂದಿಗೆ ದೂತರನ್ನು ಕಳುಹಿಸಿದ. ಪ್ರತಿಯಾಗಿ ಹೊರಟ ಸಿಂಹಳ ದೂತರನ್ನು ಚೋಳರು ತಮ್ಮ ಸೀಮೆಯಲ್ಲಿ ಹಿಡಿದು ಕಿವಿ ಮೂಗು ಕತ್ತರಿಸಿದರೆಂದು ಚೂಳವಂಸ ದಾಖಲಿಸುತ್ತದೆ. ಆ ಕರ್ಣಾಟದ ದೊರೆ ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನೆಂದು ಇತಿಹಾಸಕಾರರ ಅಭಿಪ್ರಾಯ. ಇಬ್ಬರಿಗೂ ಸಮಾನ ಶತ್ರು ಚೋಳ, ಹೀಗಾಗಿ ಸ್ನೇಹ. ಮುಂದೆ ಪರಾಕ್ರಮಬಾಹು (1153-1186) ಅಲ್ಲಿ ಕಟ್ಟಿಸಿದ ಪರಾಕ್ರಮ ಸಮುದ್ರದ ಏರಿಯ ಮೇಲೆ ಸಂಜೆ ನಿಂತರೆ ‘ಸಮುದ್ರ’ ಎಂಬುದು ಅತಿಶಯವೆನಿಸುವುದಿಲ್ಲ. ಹತ್ತಿರದ ಮಿನ್ನೇರಿಯ ಕೆರೆ 3ನೆಯ ಶತಮಾನದ ಕೊನೆಯ ಮಹಾಸೇನನದು. ಆಗಸ್ಟ್, ಸೆಪ್ಟೆಂಬರಿನಲ್ಲಿ ಅದರ ನೀರು ಇಳಿದು ಅಂಚಿನಲ್ಲಿ ಹಸಿರು ಚಿಗುರಿದಾಗ ನೂರಾರು ಕಾಡಾನೆಗಳು ಮೇಯಲು ಸೇರುತ್ತವೆ.

ಒಣನಾಡಿನಿಂದ ಕ್ಯಾಂಡಿಗೆ ಏರಿದರೆ ಬೇರೆಯೇ ಲೋಕ. ಬುದ್ಧನ ದಂತಧಾತುವಿನ ದೇಗುಲ, ಜುಲೈ-ಆಗಸ್ಟಿನ ಎಸಳ ಪೆರಹೆರ ಉತ್ಸವದ ಅಲಂಕೃತ ಆನೆಗಳ ಮೆರವಣಿಗೆ ಇವೆಲ್ಲ ಪರಿಚಿತ. ಇಲ್ಲಿನ ಕೊನೆಯ ದೊರೆ ಶ್ರೀ ವಿಕ್ರಮ ರಾಜಸಿಂಹ ದಕ್ಷಿಣ ಭಾರತ ಮೂಲದ ನಾಯಕ್ಕರ್ ವಂಶದವನು. 1815ರಲ್ಲಿ ಬ್ರಿಟಿಷರು ಅವನನ್ನು ಸೆರೆಹಿಡಿದು ವೆಲ್ಲೂರಿಗೆ ಸಾಗಿಸಿದರು, 1832ರಲ್ಲಿ ಅಲ್ಲೇ ತೀರಿಕೊಂಡ. ಅಲ್ಲಿಂದಾಚೆ ಬೆಟ್ಟಗಳು ಮೊದಲು ಕಾಫಿಗೆ, ಆಮೇಲೆ ಚಹಾಕ್ಕೆ ಬೋಳಾದವು. 1869ರಲ್ಲಿ ಕಾಣಿಸಿಕೊಂಡ ಎಲೆ ತುಕ್ಕು ರೋಗ ಲಂಕೆಯ ಕಾಫಿಯನ್ನು ನಾಶ ಮಾಡಿತು. ಅದೇ ರೋಗ ಕೊಡಗು, ಮೈಸೂರು ಸೀಮೆಯ ತೋಟಗಳನ್ನೂ ಕಾಡಿತಾದರೂ ಇಲ್ಲಿ ಕಾಫಿ ಉಳಿಯಿತು, ಅಲ್ಲಿ ಅಳಿಯಿತು. ಜೇಮ್ಸ್ ಟೇಲರ್ 1867ರಲ್ಲಿ ನೆಟ್ಟ ಚಹಾ ಆ ಜಾಗವನ್ನು ತುಂಬಿತು. ರೈಲಿನ ಕಿಟಕಿಯಿಂದ ರತ್ನಗಂಬಳಿಯಂತೆ ಕಾಣುವ ಆ ಇಳಿಜಾರುಗಳಲ್ಲಿ ಎಲೆ ಕೀಳುವ ಹೆಂಗಸರು ತಮಿಳುನಾಡಿನಿಂದ ಕರೆತಂದ ಕೂಲಿಗಳ ಮೊಮ್ಮಕ್ಕಳು, ಮರಿಮಕ್ಕಳು. 1948ರ ಪೌರತ್ವ ಕಾನೂನು ಅವರಲ್ಲಿ ಬಹುಪಾಲು ಜನರನ್ನು ಯಾವ ದೇಶಕ್ಕೂ ಸೇರದವರನ್ನಾಗಿಸಿತು. 1964ರ ಶಾಸ್ತ್ರಿ-ಸಿರಿಮಾವೊ ಒಪ್ಪಂದದಡಿ ಲಕ್ಷಾಂತರ ಮಂದಿ ತಾವು ಕಾಣದ ಭಾರತಕ್ಕೆ ‘ಮರಳಿ’ದರು. ಉಳಿದವರ ಪೌರತ್ವದ ಪ್ರಶ್ನೆ ಇತ್ಯರ್ಥವಾಗಲು 2003ರ ಕಾನೂನಿನವರೆಗೆ ಕಾಯಬೇಕಾಯಿತು. ಚಿತ್ರ ತೆಗೆಯುವ ಮುನ್ನ ಅವರನ್ನೊಂದು ಮಾತು ಕೇಳುವುದು ಲೇಸು.

ಕ್ಯಾಂಡಿಯಿಂದ ಎಲ್ಲ, ಬದುಳ್ಳಾಗಳ ಕಡೆಗಿನ ರೈಲು ಪ್ರಯಾಣವನ್ನು ಹೊಗಳದ ಪ್ರವಾಸಿಯಿಲ್ಲ. ಆದರೆ 2025ರ ನವೆಂಬರ್ ಕೊನೆಯಲ್ಲಿ ದಿತ್ವಾ ಚಂಡಮಾರುತ ಬೆಟ್ಟನಾಡನ್ನು ಜರ್ಝರಿತಗೊಳಿಸಿ 600ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಾಗ ಈ ಮಾರ್ಗದ ಹಳಿಗಳೂ ಹಲವೆಡೆ ಕುಸಿದವು. ಯಾವ ಭಾಗದಲ್ಲಿ ರೈಲು ಓಡುತ್ತಿದೆ ಎಂದು ಹೊರಡುವ ಮುನ್ನ ವಿಚಾರಿಸಿಕೊಳ್ಳುವುದು ಅನಿವಾರ್ಯ. ನುವರ ಎಲಿಯದ ಬಳಿಯ ಸೀತಾ ದೇಗುಲವೇ ಅಶೋಕವನವಿದ್ದ ಜಾಗವೆಂದು ತೋರಿಸುವ ರಾಮಾಯಣ ಯಾತ್ರೆಗಳು ಈಚಿನ ದಶಕಗಳಲ್ಲಿ ಬಲು ಜನಪ್ರಿಯ. ಭಕ್ತಿಯಿಂದ ಹೋಗುವವರಿಗೆ ಅಡ್ಡಿಯಿಲ್ಲ. ಆದರೆ ಪುರಾತತ್ವದ ಆಧಾರವಿರುವುದು ಅನುರಾಧಪುರ, ಪೊಲೊನ್ನರುವಗಳಿಗೆ. ಏಳೆಂಟು ದಿನಗಳಲ್ಲಿ ಎರಡೂ ಆಗದಿದ್ದರೆ ಯಾವುದನ್ನು ಬಿಡಬೇಕೆಂದು ಮನೆಯಲ್ಲೇ ತೀರ್ಮಾನಿಸಿ ಹೊರಡುವುದು ಒಳ್ಳೆಯದು.

ದಕ್ಷಿಣದ ಗಾಲ್ ಕೋಟೆ 1640ರಲ್ಲಿ ಪೋರ್ಚುಗೀಸರ ಕೈಯಿಂದ ಡಚ್ಚರ ಕೈಗೆ ಹೋದದ್ದು. 2004ರ ಡಿಸೆಂಬರ್ 26ರ ಸುನಾಮಿಯಲ್ಲಿ ಕೋಟೆಯ ಹೊರಗಿನ ಪೇಟೆ ಕೊಚ್ಚಿಹೋದರೂ ಒಳಗಿನ ಊರನ್ನು ಆ ಗೋಡೆಗಳು ಕಾದವು. ಕೊಲಂಬೊದಿಂದ ಕಡಲಂಚಿನಲ್ಲೇ ಸಾಗುವ ರೈಲು ದಾರಿಯಲ್ಲಿ ಪೆರಳಿಯ ಎಂಬ ಊರು ಸಿಗುತ್ತದೆ. ಅಂದು ಅಲ್ಲಿ ಅಲೆಗೆ ಸಿಕ್ಕ ಒಂದೇ ರೈಲಿನಲ್ಲಿ ಸಾವಿರಕ್ಕೂ ಹೆಚ್ಚು ಜನ ಸತ್ತರು. ಕೊಲಂಬೊದ ವಸ್ತುಸಂಗ್ರಹಾಲಯದಲ್ಲಿ ಗಾಲ್‌ನಲ್ಲಿ ಸಿಕ್ಕ ಒಂದು ಶಾಸನವಿದೆ. ಚೀನಾದ ನೌಕಾಧಿಪತಿ ಝೆಂಗ್ ಹೆ 15ನೆಯ ಶತಮಾನದ ಆರಂಭದಲ್ಲಿ ತಂದು ನಿಲ್ಲಿಸಿದ್ದು. ಚೀನೀ ಪಾಠದಲ್ಲಿ ಬುದ್ಧನಿಗೆ, ತಮಿಳಿನಲ್ಲಿ ವಿಷ್ಣುವಿಗೆ, ಪಾರ್ಸಿಯಲ್ಲಿ ಅಲ್ಲಾಹನಿಗೆ ಕಾಣಿಕೆ. ಮೂರು ಗಿರಾಕಿಗಳನ್ನೂ ಸಮಾಧಾನಪಡಿಸಿದ ವ್ಯಾಪಾರಿಯ ಜಾಣ್ಮೆ.

ಕೆಲವು ಸಣ್ಣ ಸಂಗತಿಗಳನ್ನು ನೆನಪಿಡಬೇಕು. ಪ್ರತಿ ಹುಣ್ಣಿಮೆಯೂ ‘ಪೋಯ’ ಎಂಬ ಸರ್ಕಾರಿ ರಜೆ, ಅಂದು ಮದ್ಯ ಮಾರಾಟವಿಲ್ಲ. ಬುದ್ಧನ ಮೂರ್ತಿಗೆ ಬೆನ್ನು ಹಾಕಿ ನಿಂತು ಫೋಟೊ ತೆಗೆಸಿಕೊಳ್ಳುವುದು ಅಪಚಾರ. ಸಸ್ಯಾಹಾರಿಗಳು ಕಾಯಿತುರಿಯ ಚಟ್ನಿಯಂತೆ ಕಾಣುವ ‘ಪೊಲ್ ಸಂಬೋಲ’ವನ್ನು ಬಡಿಸಿಕೊಳ್ಳುವ ಮೊದಲು ವಿಚಾರಿಸಬೇಕು. ಅದರಲ್ಲಿ ಮಾಲ್ಡೀವ್ಸ್‌ನ ಒಣಮೀನಿನ ಪುಡಿ ಬೆರೆತಿರುವುದು ಸಾಮಾನ್ಯ. ವೀಸಾ ನಿಯಮಗಳು ಆಗಾಗ ಬದಲಾಗುವುದರಿಂದ ಕಳೆದ ವರ್ಷ ಹೋಗಿಬಂದ ನೆಂಟರ ಮಾತನ್ನು ನೆಚ್ಚಬಾರದು.

ಏಳೆಂಟು ದಿನದವರು ವಿಮಾನ ನಿಲ್ದಾಣದಿಂದ ಕೊಲಂಬೊಗೆ ಹೋಗದೆ ನೇರವಾಗಿ ಉತ್ತರಕ್ಕೆ ಸಾಗಿ, ಅನುರಾಧಪುರ ಮತ್ತು ಸಿಗಿರಿಯದ ಸುತ್ತ ಮೂರು ದಿನ, ಕ್ಯಾಂಡಿ ಮತ್ತು ಬೆಟ್ಟಗಳಲ್ಲಿ ಎರಡು ಮೂರು ದಿನ, ಉಳಿದದ್ದನ್ನು ಗಾಳಿ ಒಪ್ಪುವ ಕಡಲತೀರದಲ್ಲಿ ಕಳೆಯಬಹುದು. ಜಾಫ್ನಾವನ್ನು ಇದರಲ್ಲಿ ತುರುಕುವುದು ಬೇಡ. 1983ರಿಂದ 2009ರವರೆಗಿನ ಯುದ್ಧದಲ್ಲಿ ನಲುಗಿದ, 1981ರಲ್ಲಿ ಸುಟ್ಟುಹೋದ ತನ್ನ ಗ್ರಂಥಾಲಯವನ್ನು ಮತ್ತೆ ಕಟ್ಟಿಕೊಂಡ ಆ ಊರಿಗೆ ಅರ್ಧ ದಿನ ಸಾಲದು. ಯುದ್ಧಕಾಲದಲ್ಲಿ ನಿಂತಿದ್ದ ಯಾಳ್ ದೇವಿ ರೈಲು 2014ರಲ್ಲಿ ಮತ್ತೆ ಜಾಫ್ನಾ ತಲುಪಿತು. ಎರಡನೆಯ ಸಲ ಹೋಗುವವರು ಕೊಲಂಬೊದ ಫೋರ್ಟ್ ನಿಲ್ದಾಣದಿಂದ ಉತ್ತರದ ರೈಲು ಹಿಡಿಯಬಹುದು.