ಫ್ರೂಟ್ ಸಲಾಡ್ ಮಾಡಿದ್ದು ಯಾರು?

ಬ್ಯಾಂಕ್ ಪರೀಕ್ಷೆ ಬೇಕಾದರೆ ಇನ್ನೂ ಹತ್ತು ಸಲ ಬರೆಯುತ್ತೇನೆ. ಆದರೆ ಡಿಗ್ರಿ ಮುಗಿಸಿ ಕೆಲಸ ಸಿಗದವನು ಅಜ್ಜಿ ಮನೆಯ ಪೂಜೆಗೆ ಹೋಗುವ ಕಷ್ಟ ಯಾರಿಗೂ ಬೇಡ. ಪರೀಕ್ಷೆಯಲ್ಲಾದರೆ ಗೊತ್ತಿಲ್ಲದ ಪ್ರಶ್ನೆ ಬಿಟ್ಟು ಮುಂದೆ ಹೋಗಬಹುದು. ಇಲ್ಲಿ ಇರುವುದೇ ಒಂದು ಪ್ರಶ್ನೆ: ‘ಈಗ ಎಂತ ಮಾಡ್ತಾ ಇದ್ದೀ?’ ಅದನ್ನು ದೊಡ್ಡಮ್ಮ ಕೇಳುತ್ತಾರೆ, ಚಿಕ್ಕಮ್ಮ ಕೇಳುತ್ತಾರೆ, ಕಾಲು ತೊಳೆಯಲು ನೀರು ಕೊಟ್ಟರೆ ಪುರೋಹಿತರೂ ಕೇಳುತ್ತಾರೆ.

ನಮ್ಮ ಅಜ್ಜಿ ಮನೆ ಪುತ್ತೂರಿನ ಹತ್ತಿರ. ಪ್ರತಿ ವರ್ಷ ಮೇ ರಜೆಯಲ್ಲಿ ಅಲ್ಲಿ ಸತ್ಯನಾರಾಯಣ ಪೂಜೆ. ಬೆಂಗಳೂರು, ಮುಂಬೈ ಕಡೆ ಇರುವವರೆಲ್ಲ ಬಂದರೆ ಮಕ್ಕಳು ಮರಿ ಸೇರಿ 60 ಜನ. ಹಿಂದಿನ ವರ್ಷ ಮಾವ ಪೇಟೆಯಿಂದ ಐಸ್‌ಕ್ರೀಂ ಕಪ್ ತರಿಸಿದ್ದರು. ಕರೆಂಟ್ ಹೋಗಿ, ಊಟ ಮುಗಿಯುವಾಗ ಅದು ಕುಡಿಯುವ ಹದಕ್ಕೆ ಬಂದಿತ್ತು. ಹಾಗಾಗಿ ಈ ಸಲ ಫ್ರೂಟ್ ಸಲಾಡ್ ಮಾಡುವ ಎಂದು ಅತ್ತೆ ಹೇಳಿದರು. ಯಾರು ಮಾಡುವುದು ಎಂಬಲ್ಲಿಗೆ ಮಾತು ನಿಂತಿತು.

‘ನಾನು ಮಾಡ್ತೇನೆ’ ಅಂದೆ.

ಅಮ್ಮ ನನ್ನನ್ನೇ ನೋಡಿದಳು. ಮನೆಯಲ್ಲಿ ಚಹಾ ಲೋಟವನ್ನೂ ತೊಳೆದಿಡದ ಮಗ 60 ಜನಕ್ಕೆ ಫ್ರೂಟ್ ಸಲಾಡ್ ಮಾಡುತ್ತಾನಂತೆ! ನನ್ನ ಲೆಕ್ಕ ಬೇರೆಯೇ ಇತ್ತು. ಅಡುಗೆ ಕೊಟ್ಟಿಗೆಯಲ್ಲಿ ಕೈತುಂಬ ಕೆಲಸ ಇರುವವನ ಹತ್ತಿರ ಬಂದು ಯಾರೂ ಪ್ರಶ್ನೆ ಕೇಳುವುದಿಲ್ಲ.

ಇನ್ನೊಂದು ಸಂಗತಿಯೂ ಇತ್ತು, ಅದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮಂಗಳೂರಿನಲ್ಲಿ ರೂಂ ಮಾಡಿಕೊಂಡು ಬ್ಯಾಂಕ್ ಪರೀಕ್ಷೆಗೆ ಓದುತ್ತಿರುವ ನಾನು ಭಾನುವಾರ ‘ಸ್ಪೆಷಲ್ ಕ್ಲಾಸ್’ ಇದೆ ಎನ್ನುತ್ತೇನಲ್ಲ, ಆ ಕ್ಲಾಸ್ ನಡೆಯುವುದು ಮದುವೆ ಹಾಲ್‌ಗಳಲ್ಲಿ. ನಾನು ಕ್ಯಾಟರಿಂಗ್‌ಗೆ ಹೋಗುತ್ತೇನೆ. ಕರಾವಳಿಯಲ್ಲಿ ಇದು ಹೊಸತೇನಲ್ಲ. ಕರಿ ಪ್ಯಾಂಟು, ಬಿಳಿ ಶರ್ಟು, ತಲೆಗೊಂದು ಟೊಪ್ಪಿ ಹಾಕಿ ಬಡಿಸುವ ಹುಡುಗರಲ್ಲಿ ತುಂಬ ಜನ ಕಾಲೇಜಿನವರೇ. ಒಂದು ಕಾರ್ಯಕ್ರಮಕ್ಕೆ 500 ರೂಪಾಯಿ, ಜತೆಗೆ ಊಟ. ಪರೀಕ್ಷೆಯ ಅರ್ಜಿ ಶುಲ್ಕ, ರೂಂ ಬಾಡಿಗೆಯ ನನ್ನ ಪಾಲು ಇದರಲ್ಲೇ ಹೋಗುತ್ತದೆ. ಆದರೆ ಅಪ್ಪ ಒಮ್ಮೆ ಪಕ್ಕದ ಮನೆ ಹುಡುಗನ ವಿಷಯ ಬಂದಾಗ, ‘ಬಿಕಾಂ ಓದಿಸಿದ್ದು ಸಾಂಬಾರಿನ ಬಕೆಟ್ ಹಿಡಿಯಲಿಕ್ಕಾ?’ ಎಂದದ್ದು ನನ್ನ ಕಿವಿಯಲ್ಲಿ ಕೂತಿತ್ತು.

ಫ್ರೂಟ್ ಸಲಾಡ್ ಕಲಿತದ್ದೂ ಹೆದರಿಕೆಯಿಂದಲೇ. ಒಂದು ಮದುವೆಯಲ್ಲಿ ಪಂಕ್ತಿಯ ಕೊನೆಗೆ ಊರಿನ ಸಂಬಂಧಿಕರೊಬ್ಬರು ಕೂತಿದ್ದರು. ಕಂಡದ್ದೇ ತಡ, ತೊಂಡೆಕಾಯಿ ಪಲ್ಯದ ಬಕೆಟ್ಟನ್ನು ಇನ್ನೊಬ್ಬನ ಕೈಗೆ ತುರುಕಿ ಹಿಂದಿನ ಶೆಡ್ಡಿಗೆ ಓಡಿದೆ. ಅಡುಗೆಯ ಭಟ್ಟರು ಏನೂ ಕೇಳಲಿಲ್ಲ. ಒಂದು ಬುಟ್ಟಿ ಸೇಬು, ಒಂದು ಚೂರಿ ಮುಂದಿಟ್ಟರು. ‘ಎದುರು ಬರ್ಲಿಕ್ಕೆ ನಾಚಿಕೆ ಆದ್ರೆ ಹಿಂದೆ ಕೆಲಸ ಉಂಟು’ ಅಂದರು. ಅಲ್ಲಿಂದ ನನಗೆ ಹಣ್ಣಿನ ವಿಭಾಗ ಖಾಯಂ ಆಯಿತು.

ಭಟ್ಟರು ಹಣ್ಣು ಕೊಚ್ಚುವ ಮೊದಲು ಜನರನ್ನು ಲೆಕ್ಕ ಹಾಕುತ್ತಾರೆ. ಊಟವಾದ ಮೇಲೆ ಒಬ್ಬರಿಗೆ 150 ಗ್ರಾಂ ಸಾಕು, ಎರಡನೇ ಸಲ ಕೇಳುವವರನ್ನು ಬೇಡ ಎನ್ನುವವರು ಸರಿದೂಗಿಸುತ್ತಾರೆ. 60 ಜನಕ್ಕೆ 9 ಕಿಲೋ. ಅದರಲ್ಲಿ 5 ಲೀಟರ್ ಹಾಲು, ಉಳಿದದ್ದು ಹಣ್ಣು. ಹಾಲಿಗೆ 200 ಗ್ರಾಂ ಕಸ್ಟರ್ಡ್ ಪೌಡರ್, ಅರ್ಧ ಕಿಲೋ ಸಕ್ಕರೆ. ರೂಂನಲ್ಲಿ ಗೆಳೆಯರಿಗೆ ಮಾಡುವವರು ಇದನ್ನು ಐದರಿಂದ ಭಾಗಿಸಿಕೊಂಡರೆ ಒಂದು ಲೀಟರ್ ಹಾಲಿನ ಲೆಕ್ಕ ಸಿಗುತ್ತದೆ, ಹತ್ತು ಹನ್ನೆರಡು ಜನಕ್ಕೆ ಧಾರಾಳ. ಪ್ಯಾಕೆಟ್ ಹಾಲಾದರೆ ಫುಲ್ ಕ್ರೀಂ ತನ್ನಿ. ಟೋನ್ಡ್ ಹಾಲಿನಲ್ಲಿ ಕೊಬ್ಬು ಶೇ 3, ಫುಲ್ ಕ್ರೀಂನಲ್ಲಿ ಶೇ 6. ಬಾಯಲ್ಲಿ ಬೆಣ್ಣೆಯ ಹಾಗೆ ಜಾರುವುದು ಆ ವ್ಯತ್ಯಾಸದಿಂದಲೇ. ಅಜ್ಜಿ ಮನೆಯಲ್ಲಿ ಹಟ್ಟಿಯ ದನದ ಹಾಲು ಸ್ವಲ್ಪ ತೆಳು, ಅದಕ್ಕೆ ಐದೂವರೆ ಲೀಟರ್ ತೆಗೆದುಕೊಂಡು ಕುದಿಸಿ ಐದಕ್ಕೆ ಇಳಿಸಿದೆ.

ಪೂಜೆಯ ದಿನ ಬೆಳಗ್ಗೆ ಆರು ಗಂಟೆಗೇ ಒಲೆ ಹೊತ್ತಿಸಿದೆ. ಹಿಂದಿನ ರಾತ್ರಿಯೇ ಮಾಡಿಟ್ಟರೆ ಸುಲಭವಲ್ಲವಾ ಎಂದು ಚಿಕ್ಕಮ್ಮ ಕೇಳಿದರು. ರಾತ್ರಿ ಗುಡುಗು ಮಳೆ ಬಂದು ಕರೆಂಟ್ ಹೋಗಿತ್ತು, ಬೆಳಗ್ಗೆಯೂ ಬಂದಿರಲಿಲ್ಲ. ಫ್ರಿಡ್ಜ್ ಬರೀ ಕಪಾಟು. ಭಟ್ಟರ ಪ್ರಕಾರ, ತಣ್ಣಗಿಡುವ ವ್ಯವಸ್ಥೆ ಇಲ್ಲದೆ ಹಾಲಿನ ಪದಾರ್ಥವನ್ನು ಹಿಂದಿನ ದಿನ ಮಾಡಿಡುವವ ಅಡುಗೆಯವನಲ್ಲ, ಡಾಕ್ಟರರ ಏಜೆಂಟ್.

ಕಸ್ಟರ್ಡ್ ಪೌಡರನ್ನು ತಣ್ಣಗಿನ ಹಾಲಿನಲ್ಲಿ ಕಲಸುತ್ತಿದ್ದೆ. ಬಿಸಿ ಹಾಲಿಗೆ ನೇರ ಸುರಿದರೆ ಮುಗಿಯಿತು, ಹಿಟ್ಟು ಹೊರಗೆ ಅಂಟಾಗಿ ಒಳಗೆ ಒಣಗಿಯೇ ಉಳಿದು ಗಂಟು ಕಟ್ಟುತ್ತದೆ. ಅಷ್ಟರಲ್ಲಿ ಅಜ್ಜಿ ಬಂದು ಡಬ್ಬಿ ಮೂಸಿ ನೋಡಿದರು.

‘ಇದಕ್ಕೆ ಮೊಟ್ಟೆ ಹಾಕ್ತಾರಂತೆ. ಪೂಜೆ ಮನೆಗೆ ಆಗ್ತದಾ?’

ಅಜ್ಜಿಯ ಸಂಶಯ ತಪ್ಪಲ್ಲ. ಇಂಗ್ಲಿಷರ ಮೂಲ ಕಸ್ಟರ್ಡ್ ಮೊಟ್ಟೆಯದ್ದೇ. ಆದರೆ 1837ರಲ್ಲಿ ಬರ್ಮಿಂಗ್‌ಹ್ಯಾಮಿನ ಆಲ್ಫ್ರೆಡ್ ಬರ್ಡ್ ಎಂಬ ಔಷಧ ತಜ್ಞನ ಹೆಂಡತಿಗೆ ಮೊಟ್ಟೆ ಆಗುತ್ತಿರಲಿಲ್ಲ. ಅವಳಿಗಾಗಿ ಅವನು ಮೊಟ್ಟೆ ಬಿಟ್ಟು ಕಾರ್ನ್‌ಫ್ಲೋರಿನಿಂದ ಗಟ್ಟಿಯಾಗುವ ಪುಡಿ ಮಾಡಿದ. ಇವತ್ತಿಗೂ ಡಬ್ಬಿಯಲ್ಲಿ ಇರುವುದು ಮುಖ್ಯವಾಗಿ ಜೋಳದ ಪಿಷ್ಟ, ಬಣ್ಣ, ವೆನಿಲಾ ಪರಿಮಳ. ಡಬ್ಬಿಯ ಮೇಲಿನ ಹಸಿರು ಚುಕ್ಕಿ ತೋರಿಸಿ ಇಷ್ಟು ಕಥೆ ಹೇಳಿದೆ. ‘ಹೆಂಡತಿಗೆ ಬೇಕಾಗಿ ಮಾಡಿದ್ದಾ? ಒಳ್ಳೆ ಗಂಡ’ ಎಂದು ಅಜ್ಜಿ ಪಕ್ಕದಲ್ಲೇ ಮಣೆ ಹಾಕಿ ಕೂತರು. ‘ಎಲ್ಲ ನಮ್ಮ ರಸಾಯನವೇ. ತೆಂಗಿನ ಹಾಲು ಬೆಲ್ಲದ ಬದಲು ಇದು’ ಎಂದೂ ಸೇರಿಸಿದರು. ಬಾಳೆಹಣ್ಣಿನ ರಸಾಯನ ಮಾಡುವುದರಲ್ಲಿ ಅಜ್ಜಿಯನ್ನು ಮೀರಿಸುವವರಿಲ್ಲ, ನಾನು ಒಪ್ಪಿದೆ.

ಹಾಲು ಸಕ್ಕರೆ ಕುದಿ ಬಂದ ಮೇಲೆ ಉರಿ ತಗ್ಗಿಸಿ, ಕಲಸಿದ ಪುಡಿಯನ್ನು ಒಂದು ಕೈಯಲ್ಲಿ ಸುರಿಯುತ್ತ ಇನ್ನೊಂದು ಕೈಯಲ್ಲಿ ತಳ ಮುಟ್ಟುವ ಹಾಗೆ ತಿರುವಬೇಕು. ಸೌಟಿನ ಬೆನ್ನಿಗೆ ಅಂಟಿದ ಕಸ್ಟರ್ಡಿನಲ್ಲಿ ಬೆರಳಿನಿಂದ ಗೆರೆ ಎಳೆದರೆ ಗೆರೆ ಹಾಗೇ ನಿಲ್ಲಬೇಕು, ಆಗ ಇಳಿಸಬೇಕು. ಇನ್ನೂ ಗಟ್ಟಿಯಾಗಲಿ ಎಂದು ಕಾದರೆ ತಣಿದ ಮೇಲೆ ಅದು ಗೋಡೆಗೆ ಪೋಸ್ಟರ್ ಅಂಟಿಸಲು ಆದೀತು. ಇನ್ನೊಂದು ವಿಷಯ, ಬಿಸಿ ಇರುವಾಗ ರುಚಿ ನೋಡಿದರೆ ಸಿಹಿ ಒಂಚೂರು ಹೆಚ್ಚೇ ಅನಿಸಬೇಕು. ತಣ್ಣಗಾದ ಪದಾರ್ಥದಲ್ಲಿ ನಾಲಿಗೆಗೆ ಸಿಹಿ ಕಡಿಮೆ ತಿಳಿಯುತ್ತದೆ.

ತಣಿಸುವುದೇ ದೊಡ್ಡ ಕೆಲಸ. ಬಟ್ಟೆ ನೆನೆಸುವ ದೊಡ್ಡ ಟಬ್ಬನ್ನು ತಿಕ್ಕಿ ತೊಳೆದು, ಬಾವಿ ನೀರು ತುಂಬಿ, ಪಾತ್ರೆಯನ್ನು ಅದರೊಳಗೆ ಇಳಿಸಿದೆ. ನೀರು ಬೆಚ್ಚಗಾದ ಹಾಗೆ ಚೆಲ್ಲಿ ಹೊಸ ನೀರು ಸೇದಿದೆ, ಕೆನೆ ಕಟ್ಟದಂತೆ ಕಸ್ಟರ್ಡನ್ನು ತಿರುವುತ್ತಲೇ ಇದ್ದೆ. ಅಷ್ಟರಲ್ಲಿ ಚಿಕ್ಕಮ್ಮನ ಮಗ ಬೈಕಿನಲ್ಲಿ ಪೇಟೆಗೆ ಹೋಗಿ ಐಸ್ ಗಡ್ಡೆಯನ್ನು ಗೋಣಿಯಲ್ಲಿ ಸುತ್ತಿ ತಂದ. ಐಸನ್ನು ಪುಡಿ ಮಾಡಿ ಪಾತ್ರೆಯ ಸುತ್ತ ತುಂಬಿ ಮೇಲೆ ಎರಡು ಮುಷ್ಟಿ ಕಲ್ಲುಪ್ಪು ಎರಚಿದೆ. ಉಪ್ಪು ಬಿದ್ದ ಐಸ್ ಕರಗುತ್ತ ಸೊನ್ನೆ ಡಿಗ್ರಿಗಿಂತಲೂ ಕೆಳಗೆ ತಣ್ಣಗಾಗುತ್ತದೆ. ಕುಲ್ಫಿ ಗಾಡಿಯವರದ್ದೂ ಇದೇ ಉಪಾಯ. ಪಾತ್ರೆಯ ಬಾಯಿಗೆ ಮಾತ್ರ ಸರಿಯಾಗಿ ಮುಚ್ಚಳ ಇರಬೇಕು, ಒಂದು ಚಮಚ ಉಪ್ಪುನೀರು ಒಳಗೆ ಹೋದರೂ ಅಷ್ಟೂ ಹಾಳು.

ಹಣ್ಣು ಹೆಚ್ಚುವಾಗ ಮಾವ ತೋಟದಿಂದ ಎರಡು ಅನಾನಸು ಕೊಯ್ದು ತಂದರು. ‘ಇದನ್ನೂ ಹಾಕು, ಘಮ ಬರ್ತದೆ.’

‘ಹಸಿಯಾಗಿ ಹಾಕಲಿಕ್ಕೆ ಆಗುವುದಿಲ್ಲ ಮಾವ’ ಅಂದೆ.

‘ಯಾಕೆ ಆಗುವುದಿಲ್ಲ?’

ಮಾವನಿಗೆ ಆ ಮನೆಯಲ್ಲಿ ಯಾರೂ ಆಗುವುದಿಲ್ಲ ಎನ್ನುವ ಕ್ರಮವಿಲ್ಲ. ಆದರೆ ಭಟ್ಟರ ಶೆಡ್ಡಿನಲ್ಲಿ ನಾನೇ ಮೊದಲ ತಿಂಗಳು ಕೇಳದೆ ಅನಾನಸು ಸುರಿದು ಒಂದು ಪಾತ್ರೆ ಫ್ರೂಟ್ ಸಲಾಡನ್ನು ಕಹಿ ಮಾಡಿ, ಅದರ ಬೆಲೆಗೆ ಎರಡು ಭಾನುವಾರ ಸಂಬಳವಿಲ್ಲದೆ ದುಡಿದಿದ್ದೆ. ಅನಾನಸಿನಲ್ಲಿ ಬ್ರೊಮೆಲೈನ್ ಎಂಬ ಕಿಣ್ವ ಇದೆ. ಅದು ಹಾಲಿನ ಪ್ರೋಟೀನನ್ನು ತುಂಡರಿಸುತ್ತದೆ, ಸ್ವಲ್ಪ ಹೊತ್ತಿನಲ್ಲೇ ಕಸ್ಟರ್ಡ್ ನೀರಾಗಿ ಕಹಿಯಾಗುತ್ತದೆ. ಬೇಯಿಸಿದರೆ ಕಿಣ್ವ ಸತ್ತುಹೋಗುತ್ತದೆ. ಕಿವಿ ಹಣ್ಣಿನದ್ದೂ ಇದೇ ಕಥೆ. ಕಿತ್ತಳೆ, ಮೂಸಂಬಿ ಹುಳಿಗೆ ಹಾಲು ಒಡೆಯುವ ಭಯ. ಕಲ್ಲಂಗಡಿಯಂತೂ ಬರೀ ನೀರು. ಇದನ್ನೆಲ್ಲ ಒಂದೇ ಉಸಿರಿಗೆ ಹೇಳಿ, ಅನಾನಸನ್ನು ಸಣ್ಣಗೆ ಹೆಚ್ಚಿ ಸಕ್ಕರೆ ನೀರಿನಲ್ಲಿ ಹತ್ತು ನಿಮಿಷ ಕುದಿಸಿ ಸೋಸಿ ಆರಲು ಇಟ್ಟೆ.

ಮಾವ ಸೊಂಟಕ್ಕೆ ಕೈಯಿಟ್ಟು ನೋಡುತ್ತಿದ್ದರು. ‘ಕ್ಯಾಟರಿಂಗ್ ಭಟ್ರ ಹಾಗೆ ಮಾತಾಡ್ತಾನೆ ಇವ’ ಎಂದು ನಕ್ಕು ಹೋದರು. ನನ್ನ ಚೂರಿ ಒಂದು ಕ್ಷಣ ನಿಂತಿತು. ಜಗಲಿಯಲ್ಲಿ ಕೂತಿದ್ದ ಅಪ್ಪ ಪೇಪರಿನಿಂದ ತಲೆ ಎತ್ತಲಿಲ್ಲ.

ಸೇಬು ಕಪ್ಪಾಗದಿರಲು ಲಿಂಬೆ ಹಿಂಡಿದ ನೀರಿನಲ್ಲಿ ಮುಳುಗಿಸಿ ತೆಗೆದದ್ದು, ನಾರಿಲ್ಲದ ಬಾದಾಮಿ ಮಾವು, ಬೀಜವಿಲ್ಲದ ದ್ರಾಕ್ಷಿ ಎರಡು ಹೋಳು. ಬಾಳೆಹಣ್ಣು ಕದಳಿ, ಅದೂ ಗಟ್ಟಿ ಇರುವಾಗಲೇ. ಸೇಬು, ಮಾವು, ಅನಾನಸು ಒಂದು ಗಂಟೆ ಮೊದಲು ಕಸ್ಟರ್ಡಿಗೆ ಬಿದ್ದವು. ಬಾಳೆ, ದಾಳಿಂಬೆ, ಮೂರು ಪ್ಯಾಕೆಟ್ ಫ್ರೆಶ್ ಕ್ರೀಂ ಸೇರಿದ್ದು ಪಂಕ್ತಿ ಕೂತ ಮೇಲೆ. ಬೇಗ ಹಾಕಿದರೆ ಬಾಳೆ ಕರಗಿ ಕಪ್ಪಾಗುತ್ತದೆ, ದಾಳಿಂಬೆ ಬಣ್ಣ ಬಿಡುತ್ತದೆ. ಹಣ್ಣಿಗೆ ಮೊದಲೇ ಸಕ್ಕರೆ ಬೆರೆಸಿಡುವವರಿದ್ದಾರೆ. ಸಕ್ಕರೆ ಹಣ್ಣಿನ ನೀರನ್ನೆಲ್ಲ ಹೊರಗೆ ಎಳೆದು ಕಸ್ಟರ್ಡನ್ನು ತೆಳು ಮಾಡುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ.

ಒಂದೂವರೆಗೆ ಊಟ. ಪಾಯಸ ಮುಗಿದು ಮಜ್ಜಿಗೆ ಬರುವ ಹೊತ್ತಿಗೆ ನಾನು ಕಪ್ಪುಗಳನ್ನು ತುಂಬಿ ಹೊರಟೆ. ಯೋಚಿಸಿ ಮಾಡಿದ್ದಲ್ಲ, ಕೈ ತಾನಾಗಿಯೇ ನಡೆಯಿತು. ಎಡಗೈ ಅಂಗೈ ಮೇಲೆ ಟ್ರೇ, ಬಲಗೈಯಲ್ಲಿ ಒಂದೊಂದೇ ಕಪ್ಪು, ಎಲೆಯ ಬಲಗಡೆಗೆ ಇಟ್ಟು, ಯಾರ ಕೈಗೂ ತಾಗದೆ ಮುಂದಕ್ಕೆ. ಎರಡು ಸಾಲು ಮೂರು ನಿಮಿಷದಲ್ಲಿ ಮುಗಿಯಿತು. ಬೆಂಗಳೂರಿನ ಭಾವ ಚಮಚ ಬಾಯಲ್ಲಿಟ್ಟು, ‘ಫ್ರೂಟ್ ಸಲಾಡ್ ಮಾಡಿದ್ದು ಯಾರು?’ ಎಂದರು. ಯಾರೋ ನನ್ನ ಕಡೆ ಕೈ ತೋರಿಸಿದರು. ‘ಮಾಡಿದ್ದು ಮಾತ್ರ ಅಲ್ಲ. ನಿನಗೆ ಬಡಿಸಿಯೂ ಅಭ್ಯಾಸ ಉಂಟು. ಟ್ರೇ ಹಿಡಿದ ಕ್ರಮ ನೋಡಿದೆ’ ಅಂದರು.

ಅವರು ಹೊಗಳಿದ್ದೇ. ಆದರೆ ಎದುರು ಸಾಲಿನಲ್ಲಿ ಅಪ್ಪ ಕೂತಿದ್ದರು. ಸುಳ್ಳು ಹೇಳಲು ಸಮಯ ಧಾರಾಳ ಇತ್ತು, ಕಾಲೇಜ್ ಡೇಯಲ್ಲಿ ಬಡಿಸಿದ್ದೆ ಅಂದಿದ್ದರೆ ಮುಗಿಯುತ್ತಿತ್ತು. ಯಾಕೋ ಬಾಯಿ ಬರಲಿಲ್ಲ. ಐಸ್ ಹುಡುಕಿ, ಬಾವಿ ನೀರು ಸೇದಿ, ಬೆಳಗ್ಗಿನಿಂದ ಮಾಡಿದ ಕೆಲಸವನ್ನು ಎಲ್ಲಿ ಕಲಿತೆ ಎಂದು ಸುಳ್ಳು ಹೇಳುವುದು ಭಟ್ಟರಿಗೆ ಮಾಡುವ ಅವಮಾನ ಅನಿಸಿತು.

‘ಹೌದು ಭಾವ, ಭಾನುವಾರ ಕ್ಯಾಟರಿಂಗ್‌ಗೆ ಹೋಗ್ತೇನೆ. ಒಂದು ವರ್ಷ ಆಯ್ತು.’

ಚಮಚದ ಸದ್ದು ನಿಂತಿತು ಎಂದು ನನಗೆ ಅನಿಸಿತು, ನಿಜವಾಗಿ ನಿಂತಿತೋ ಇಲ್ಲವೋ. ಅಮ್ಮ ನೆಲ ನೋಡುತ್ತಿದ್ದಳು. ಮೊದಲು ಮಾತಾಡಿದ್ದು ಅಜ್ಜಿ. ‘ಹಾಗಾದ್ರೆ ಮುಂದಿನ ವರ್ಷ ಹೊರಗಿನ ಭಟ್ರು ಬೇಡ. ನನಗೆ ಇನ್ನೊಂದು ಕಪ್ಪು ಕೊಡು.’ ಎಲ್ಲರೂ ನಕ್ಕರು. ಅಪ್ಪ ನಗಲಿಲ್ಲ. ಕಪ್ಪನ್ನು ಮುಟ್ಟದೆ ಎದ್ದು ಕೈ ತೊಳೆಯಲು ಹೋದರು.

ಸಂಜೆಯೊಳಗೆ ನೆಂಟರೆಲ್ಲ ಹೊರಟರು. ವಿಚಿತ್ರವೆಂದರೆ ಆಮೇಲೆ ಯಾರೂ ‘ಎಂತ ಮಾಡ್ತಾ ಇದ್ದೀ’ ಎಂದು ಕೇಳಲಿಲ್ಲ. ‘ಪಪ್ಪಾಯಿ ಹಾಕಬಹುದಾ’, ‘ಕ್ರೀಂ ಎಷ್ಟು ಹಾಕಿದೆ’ ಎಂದು ಕೇಳಿದರು. ಪಪ್ಪಾಯಿ ಬೇಡ, ಅದೂ ಹಾಲಿನ ಜತೆ ಕಹಿಯಾಗುತ್ತದೆ.

ರಾತ್ರಿ ಪಾತ್ರೆಗಳನ್ನು ಬಾವಿಕಟ್ಟೆಯಲ್ಲಿ ತಿಕ್ಕುತ್ತಿದ್ದೆ. ಅಪ್ಪ ಟಾರ್ಚ್ ಹಿಡಿದು ಬಂದು ನಿಂತರು.

‘ಒಂದು ದಿನಕ್ಕೆ ಎಷ್ಟು ಕೊಡ್ತಾರೆ?’

‘ಐನೂರು.’

‘ಊಟ?’

‘ಊಟವೂ ಉಂಟು.’

ಸ್ವಲ್ಪ ಹೊತ್ತು ಮಾತಿಲ್ಲ. ‘ಓದಲಿಕ್ಕೆ ಸಮಯ ಸಿಗ್ತದಾ?’ ಎಂದು ಕೇಳಿದರು. ಭಾನುವಾರ ಮಾತ್ರ ಹೋಗುವುದು, ಆಗಸ್ಟ್‌ನಲ್ಲಿ ಪರೀಕ್ಷೆ ಇದೆ, ಜುಲೈನಲ್ಲಿ ರಜೆ ಕೇಳಿದ್ದೇನೆ ಎಂದೆ. ಅಪ್ಪ ‘ಹೂಂ’ ಅಂದರು. ಆಮೇಲೆ ಟಾರ್ಚನ್ನು ಐಸ್ ಟಬ್ಬಿನ ಕಡೆ ತಿರುಗಿಸಿದರು. ಕರಗಿ ಉಳಿದ ಐಸಿನ ನಡುವೆ ನಾನು ಒಂದು ಸಣ್ಣ ಸ್ಟೀಲ್ ಡಬ್ಬಿ ಇಟ್ಟಿದ್ದೆ. ಯಾರಿಗೆಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಕಟ್ಟೆಯ ಮೇಲೆ ಕೂತು, ತಳದವರೆಗೂ ಕೆರೆದು ತಿಂದರು.

‘ದ್ರಾಕ್ಷಿ ಸ್ವಲ್ಪ ಹುಳಿ’ ಅಂದರು.

ಹೌದು. ಮೇ ತಿಂಗಳಲ್ಲಿ ಸಿಗುವುದು ಸೀಸನ್ನಿನ ಕೊನೆಯ ದ್ರಾಕ್ಷಿ.