ಆಕಾಶದಿಂದ ಹುಡುಕುವ ಆಟ

ರಜೆಗೆ ಬಂದ ಮಕ್ಕಳು ಮೊಬೈಲಿನಲ್ಲಿ ಉಪಗ್ರಹ ಚಿತ್ರ ತೆರೆದು ಏನನ್ನೋ ಹುಡುಕುತ್ತ ಕೂರುವುದನ್ನು ಸದಸ್ಯ ಬಂಧುಗಳು ಕಂಡಿರಬಹುದು. ಇದೊಂದು ಆಟ. ನಡೆಸುವವರು ಪಟ್ಟಿ ಕೊಡುತ್ತಾರೆ: ದಡಕ್ಕೆ ಸಿಕ್ಕಿಕೊಂಡ ಹಡಗು, ಮರುಭೂಮಿಯಲ್ಲಿ ದುಂಡನೆಯ ಹಸಿರು ಹೊಲ, ಹೀಗೆ. ಅವು ಇರುವ ಜಾಗವನ್ನು ಅಕ್ಷಾಂಶ, ರೇಖಾಂಶ ಸಮೇತ ಮೊದಲು ತಿಳಿಸಿದವರು ಗೆದ್ದಂತೆ. 2005ರಲ್ಲಿ ಗೂಗಲ್ ಅರ್ಥ್ ಬಂದ ಮೇಲೆ ಮನೆಯಲ್ಲೇ ಕುಳಿತು ಹೀಗೆ ಹುಡುಕುವುದು ಸುಲಭವಾಯಿತು.

ಇದರಿಂದ ವಿಜ್ಞಾನಕ್ಕೂ ಲಾಭವಾಗಿದೆ. ಅದೇ ವರ್ಷ ಜೂಲಿಯನ್ ಬೇಲಿಸ್ ಎಂಬ ವಿಜ್ಞಾನಿ ಆಫ್ರಿಕದ ಮೊಜಾಂಬಿಕ್ ದೇಶದ ಚಿತ್ರಗಳನ್ನು ಜಾಲಾಡಿ, ಮಬು ಬೆಟ್ಟದ ಮೇಲೆ ದಟ್ಟ ಹಸಿರು ಗುರುತಿಸಿದರು. 2008ರಲ್ಲಿ ಲಂಡನ್ನಿನ ಕ್ಯೂ ಸಸ್ಯೋದ್ಯಾನದ ತಂಡ ಹತ್ತಿ ನೋಡಿದಾಗ ಸುಮಾರು 7,000 ಹೆಕ್ಟೇರ್ ಮಳೆಕಾಡು! ಹೊಸ ಜಾತಿಯ ಹಾವು, ಚಿಟ್ಟೆಗಳೂ ಸಿಕ್ಕವು. ಆದರೆ ಬುಡದ ಹಳ್ಳಿಯವರಿಗೆ ಆ ಕಾಡು ಹೊಸದಲ್ಲ. ಯುದ್ಧಕಾಲದಲ್ಲಿ ಅವರು ಅಡಗಿದ್ದುದೇ ಅಲ್ಲಿ. ಚಿತ್ರ ಸುಳಿವು ಕೊಡುತ್ತದೆ, ನೆಲವೇ ಸಾಕ್ಷಿ.

ಈ ಮಾತು ನಮಗೂ ಸಲ್ಲುತ್ತದೆ. ಯೂರೋಪ್ ಒಕ್ಕೂಟ 2023ರಲ್ಲಿ ಅಂಗೀಕರಿಸಿದ ಕಾನೂನು ಕಾಫಿ ಬೆಳೆದ ಜಾಗದ ಅಕ್ಷಾಂಶ, ರೇಖಾಂಶ ಕೇಳುತ್ತದೆ. 2020ರ ನಂತರ ಕಾಡು ಕಡಿದ ಜಾಗದ ಕಾಫಿಗೆ ಅಲ್ಲಿ ಪ್ರವೇಶವಿಲ್ಲ. ನಮ್ಮ ನೆರಳು ತೋಟ ಮೇಲಿನಿಂದ ಕಾಡಿನಂತೆಯೇ ಕಾಣುತ್ತದೆ. ಮರಗಸಿ ಮಾಡಿದರೆ ಕಾಡು ಕಡಿದಂತೆ ತೋರಲೂಬಹುದು.

ಆದ್ದರಿಂದ ಮಕ್ಕಳನ್ನು ಕೂರಿಸಿಕೊಂಡು ನಮ್ಮ ತೋಟವನ್ನೇ ಒಮ್ಮೆ ಹುಡುಕಿಸೋಣ. ಗಡಿ ಸರಿಯಾಗಿ ಗುರುತಿಸಿ, ಪಹಣಿ, ನಕ್ಷೆ, ಹಳೆಯ ಫಸಲಿನ ಲೆಕ್ಕ ಒಂದೆಡೆ ಇಡೋಣ.